‘ಡೆಮಾರ್ಕಸಾವ್’ಗೆ ‘ಹದ್ದುಬಸ್ತು’ ಅನ್ನಬಹುದಾ?

ಗೆಳೆಯರೇ,

ಬ್ರೆಜಿಲ್‌ನ ಅಮೆಜಾನ್ ಆದಿವಾಸಿಗಳು ತಮ್ಮ ಕಾಡು ಉಳಿಸಿಕೊಳ್ಳಲು ನಡೆಸಿದ ಹೋರಾಟದ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಸಾಲು ಸಾಲಿಗೂ ಬರುವ ಪದ ‘ಡೆಮಾರ್ಕಸಾವ್’. ಪೋರ್ಚುಗೀಸ್ ಮಾತು, ಇಂಗ್ಲಿಷಿನ ಡಿಮಾರ್ಕೇಶನ್ ಇದರದೇ ಬಳಗ. ‘ಗಡಿ ಗುರುತಿಸುವಿಕೆ’ ಎಂದು ಬರೆದರೆ ತಪ್ಪಲ್ಲ. ಆದರೆ ಓದಿದಾಗ ಎರಡು ದೇಶಗಳ ನಡುವಿನ ಗಡಿಯ ವಿಷಯ ಅನ್ನಿಸುತ್ತದೆ.

ಅಲ್ಲಿ ಅದು ಅಪ್ಪಟ ಕಚೇರಿ ಕೆಲಸ. ಮಾನವಶಾಸ್ತ್ರಜ್ಞರ ತಂಡ ಹೋಗಿ ಅಧ್ಯಯನ ಮಾಡಬೇಕು. ವರದಿ ಗೆಜೆಟ್‌ನಲ್ಲಿ ಬರಬೇಕು. ತಕರಾರು ಇದ್ದವರು ಹೇಳಿಕೊಳ್ಳಬೇಕು. ನ್ಯಾಯ ಮಂತ್ರಿ ಘೋಷಣೆ ಹೊರಡಿಸಬೇಕು. ಆಮೇಲೆ ನೆಲದ ಮೇಲೆ ಗುರುತು, ಕೊನೆಗೆ ದೇಶದ ಅಧ್ಯಕ್ಷರ ಸಹಿ. ಇಷ್ಟನ್ನೂ ಹೊತ್ತುಕೊಳ್ಳುವ ಪದ ನಮ್ಮ ಸರ್ವೇಯವರ ಬಾಯಲ್ಲಿ ಮೊದಲೇ ಇದೆ, ಹದ್ದುಬಸ್ತು. ಹದ್ದು ಅಂದರೆ ಎಲ್ಲೆ, ಜಮೀನಿನ ಎಲ್ಲೆಯನ್ನು ಅಳೆದು ಗುರುತು ಮಾಡಿಕೊಡುವುದೇ ಹದ್ದುಬಸ್ತು. ಅರ್ಜಿ, ನಕ್ಷೆ, ಕಲ್ಲು, ಮಹಜರು ಎಲ್ಲದರ ವಾಸನೆಯೂ ಆ ಪದಕ್ಕಿದೆ. ಸಂಸ್ಕೃತದಿಂದ ಹೊಸದೊಂದು ಹೊಸೆಯುವುದಕ್ಕಿಂತ ಇದೇ ವಾಸಿ ಅಂತ ನನ್ನ ಅಭಿಪ್ರಾಯ.

ನನಗೆ ಜಾಸ್ತಿ ತಲೆಬಿಸಿ ಮಾಡಿರುವುದು ಅದರ ಜೊತೆಗೆ ಬರುವ ಕ್ರಿಯಾಪದ. ‘ಸರ್ಕಾರ ಆದಿವಾಸಿಗಳಿಗೆ ಭೂಮಿ ಮಂಜೂರು ಮಾಡಿತು’, ‘ಹಕ್ಕು ನೀಡಿತು’, ‘ಹಕ್ಕುಪತ್ರ ವಿತರಿಸಿತು’. ಇವು ಕೈಗೆ ತಾನಾಗಿ ಬರುವ ವಾಕ್ಯಗಳು. ಬ್ರೆಜಿಲ್ ವಿಷಯದಲ್ಲಿ ಮೂರೂ ತಪ್ಪು. ಅಲ್ಲಿನ 1988ರ ಸಂವಿಧಾನದ 231ನೇ ವಿಧಿ ಹಕ್ಕನ್ನು ಕೊಡುವುದಿಲ್ಲ, ಇರುವ ಹಕ್ಕನ್ನು ಒಪ್ಪಿಕೊಳ್ಳುತ್ತದೆ. ಅವರು ಪರಂಪರೆಯಿಂದ ನೆಲೆಸಿರುವ ನೆಲದ ಮೇಲೆ ಅವರಿಗೆ ‘ಮೂಲದಿಂದಲೇ ಬಂದ’ ಹಕ್ಕಿದೆ, ಅದರ ಹದ್ದು ಗೊತ್ತು ಮಾಡಿ ಕಾಪಾಡುವುದು ಒಕ್ಕೂಟ ಸರ್ಕಾರದ ಹೊಣೆ ಎನ್ನುವುದು ಅದರ ತಿರುಳು. ಅಂದರೆ ಸರ್ಕಾರ ಹುಟ್ಟುವ ಮೊದಲೇ ಹಕ್ಕು ಇತ್ತು. ಮಂಜೂರು ಅಂದುಬಿಟ್ಟರೆ ಸರ್ಕಾರವೇ ದಾನಿ ಆಗಿಬಿಡುತ್ತದೆ, ಅಲ್ವಾ?

ಹಾಗಂತ ‘ಒಡೆತನ’ ಅನ್ನುವಂತೆಯೂ ಇಲ್ಲ. ಕಾಗದದಲ್ಲಿ ಆ ನೆಲ ಒಕ್ಕೂಟ ಸರ್ಕಾರದ್ದೇ. ಆದಿವಾಸಿಗಳಿಗೆ ಇರುವುದು ಶಾಶ್ವತ ಸ್ವಾಧೀನ, ಜೊತೆಗೆ ಮಣ್ಣು, ಹೊಳೆ, ಕೆರೆಗಳ ಸಂಪತ್ತನ್ನು ತಾವು ಮಾತ್ರ ಅನುಭವಿಸುವ ಹಕ್ಕು. ನಮ್ಮ ಕ್ರಯಪತ್ರಗಳ ‘ಸ್ವಾಧೀನಾನುಭವ’ ಇಲ್ಲಿ ಹೇಳಿ ಮಾಡಿಸಿದಂತೆ ಕೂರುತ್ತದೆ. ಇದಕ್ಕೆ ಯಾರಾದರೂ ಆಕ್ಷೇಪ ಹೇಳುವುದಿದ್ದರೆ ಹೇಳಿ, ನನಗಂತೂ ಖುಷಿಯಾಗಿದೆ.

ಈ ಕ್ರಿಯಾಪದದ ವ್ಯತ್ಯಾಸ ಸುಮ್ನೆ ಕೂದಲು ಸೀಳುವ ಮಾತಲ್ಲ. ಅಲ್ಲಿನ ಸುಪ್ರೀಂ ಕೋರ್ಟ್‌ನಲ್ಲಿ ವರ್ಷಗಟ್ಟಲೆ ನಡೆದ ವ್ಯಾಜ್ಯ ನಿಂತಿದ್ದೇ ಇದರ ಮೇಲೆ. ಸಂವಿಧಾನ ಜಾರಿಯಾದ 1988ರ ಅಕ್ಟೋಬರ್ 5ರಂದು ಯಾರು ಆ ನೆಲದ ಮೇಲೆ ಇದ್ದರೋ ಅವರಿಗೆ ಮಾತ್ರ ಹಕ್ಕು ಎಂದು ದೊಡ್ಡ ಜಮೀನ್ದಾರರ ಬಣ ವಾದಿಸುತ್ತ ಬಂದಿದೆ. ಅದಕ್ಕಿಂತ ಮೊದಲೇ ಹೊಡೆದು ಓಡಿಸಲ್ಪಟ್ಟವರ ಗತಿ? ದಕ್ಷಿಣದ ಸಾಂತಾ ಕತರೀನಾ ರಾಜ್ಯದ ಶೊಕ್ಲೆಂಗ್ ಜನರ ಪ್ರಕರಣದಲ್ಲಿ ಬಂದ ಪ್ರಶ್ನೆ ಇದೇ. ಹಕ್ಕು ಆ ದಿನ ‘ಕೊಟ್ಟದ್ದು’ ಎಂದಾದರೆ ಆ ದಿನ ನೀನೆಲ್ಲಿದ್ದೆ ಅಂತ ಕೇಳಬಹುದು. ಮೊದಲೇ ಇದ್ದದ್ದು ಎಂದಾದರೆ ಆ ತಾರೀಖಿಗೆ ಬೆಲೆಯೇ ಇಲ್ಲ. 2023ರ ಸೆಪ್ಟೆಂಬರ್ 21ರಂದು ಕೋರ್ಟ್ 9-2ರ ಬಹುಮತದಲ್ಲಿ ತಾರೀಖಿನ ವಾದವನ್ನು ತಳ್ಳಿಹಾಕಿತು. ಅದೇ ವರ್ಷ ಸಂಸತ್ತು ಅದನ್ನೇ ಕಾನೂನು ಮಾಡಿ ವಾಪಸ್ ತಂದಿತು, ಅಧ್ಯಕ್ಷರ ವೀಟೋವನ್ನೂ ಮೀರಿ.

ಆ ವಾದದ ಹೆಸರು ‘ಮಾರ್ಕೊ ತೆಂಪೊರಾಲ್’. ‘ಗಡುವು’ ಎಂದು ಅನುವಾದಿಸುವುದು ಬೇಡ, ಗಡುವು ಮುಂದಕ್ಕೆ ನೋಡುವಂಥದ್ದು, ಇದು ಹಿಂದಕ್ಕೆ. ಮಾರ್ಕೊ ಎಂದರೆ ಎಲ್ಲೆಗೆ ನೆಡುವ ಕಲ್ಲು. ಹಾಗಾಗಿ ‘ಕಾಲದ ಬಾಂದುಕಲ್ಲು’ ಎಂದು ಬರೆದಿದ್ದೇನೆ. ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ ಬೇಕಾಗುತ್ತದೆ, ಪರವಾಗಿಲ್ಲ.

ಇನ್ನು ನಿಜವಾಗಿ ಸಿಕ್ಕಿಹಾಕಿಕೊಂಡಿರುವ ಜಾಗ. ತಪಜೋಸ್ ನದಿಯ ದಂಡೆಯಲ್ಲಿ ಮುಂಡುರುಕು ಜನರ ಸಾವ್ರೆ ಮುಯ್ಬು ಎಂಬ ನೆಲವಿದೆ, ಸುಮಾರು 1 ಲಕ್ಷ 78 ಸಾವಿರ ಹೆಕ್ಟೇರ್. ಅಧ್ಯಯನ ವರದಿ ಸಿದ್ಧವಾಗಿದ್ದರೂ ಪ್ರಕಟವಾಗದೆ ಕೂತಿತ್ತು. ಅದೇ ನದಿಗೆ ದೊಡ್ಡ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆ ಇತ್ತು. ಆದಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸುವುದಕ್ಕೆ ಸಂವಿಧಾನದ ತಡೆ ಇದೆಯಲ್ಲ, ವರದಿ ಹೊರಬಂದರೆ ಯೋಜನೆಗೆ ತೊಡಕು. 2014ರಲ್ಲಿ ಮುಂಡುರುಕುಗಳು ಕಾಯುವುದು ಬಿಟ್ಟು ತಾವೇ ಕೆಲಸಕ್ಕೆ ಇಳಿದರು. ಜಿಪಿಎಸ್ ಹಿಡಿದು, ಮಚ್ಚಿನಿಂದ ಪೊದೆ ಸವರಿ ಕಾಲುದಾರಿ ಮಾಡುತ್ತ, ಗಡಿಯುದ್ದಕ್ಕೂ ನಡೆದು ಫಲಕ ನೆಟ್ಟರು. ವರದಿ 2016ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಆಗಸ್ಟ್‌ನಲ್ಲಿ ಪರಿಸರ ಇಲಾಖೆ ಅಣೆಕಟ್ಟಿನ ಕಡತ ಮುಚ್ಚಿತು. ನ್ಯಾಯ ಮಂತ್ರಿಯ ಘೋಷಣೆಗೆ ಮಾತ್ರ 2024 ಬರಬೇಕಾಯಿತು.

ಅವರು ಮಾಡಿದ್ದಕ್ಕೆ ಅಲ್ಲಿನ ಹೆಸರು ‘ಔಟೊಡೆಮಾರ್ಕಸಾವ್’. ‘ಸ್ವಯಂ ಹದ್ದುಬಸ್ತು’ ಎಂದರೆ ನಗು ಬರುತ್ತದೆ. ಹದ್ದುಬಸ್ತು ಅಂದಮೇಲೆ ಸರ್ವೇಯರ್ ಬರಲೇಬೇಕು, ಇಲ್ಲಿ ಅವನೇ ಇಲ್ಲ. ‘ಎಲ್ಲೆ ಕಟ್ಟಿಕೊಂಡರು’ ಎಂದರೆ ಅತಿಕ್ರಮಣ ಮಾಡಿ ಬೇಲಿ ಹಾಕಿಕೊಂಡಂತೆ ಕೇಳುತ್ತದೆ. ‘ತಾವೇ ಹದ್ದು ಹಾಕಿದರು’ ಎಂದು ಸದ್ಯಕ್ಕೆ ಇಟ್ಟಿದ್ದೇನೆ. ವಾಕ್ಯದಲ್ಲಿ ಚೆನ್ನಾಗಿದೆ, ಶೀರ್ಷಿಕೆಗೆ ನಾಮಪದ ಬೇಕಾದಾಗ ಕೈಕೊಡುತ್ತದೆ.

ಜನರನ್ನು ಏನೆಂದು ಕರೆಯಬೇಕು ಎಂಬ ಚರ್ಚೆ ಇಲ್ಲಿ ಬೇಡ. ಬ್ರೆಜಿಲ್ ಸರ್ಕಾರವೇ ಆದಿವಾಸಿಗಳ ವಿಷಯ ನೋಡಿಕೊಳ್ಳುವ ತನ್ನ ಸಂಸ್ಥೆಯ ಹೆಸರಿನಿಂದ ‘ಇಂಡಿಯೊ’ (ಇಂಡಿಯನ್) ತೆಗೆದು 2023ರಲ್ಲಿ ‘ಮೂಲನಿವಾಸಿ ಜನಸಮುದಾಯಗಳು’ ಎಂಬ ಅರ್ಥದ ಹೆಸರಿಟ್ಟಿದೆ. ನಾನು ಸಾಧ್ಯವಾದ ಕಡೆಯೆಲ್ಲ ಮುಂಡುರುಕು, ಯಾನೊಮಾಮಿ ಎಂದು ಹೆಸರೇ ಹೇಳುತ್ತೇನೆ. ಒಟ್ಟಾಗಿ ಹೇಳುವಾಗ ಮಾತ್ರ ಆದಿವಾಸಿ.

ಸರ್ವೇ ಇಲಾಖೆಯ ಹಳೇ ಕಡತ ನೋಡಿದವರು ಇದ್ದರೆ ಒಂದು ಸಹಾಯ ಮಾಡಿ. ರೈತರೇ ಸೇರಿ, ಅಧಿಕಾರಿ ಇಲ್ಲದೆ, ಹದ್ದು ಗೊತ್ತು ಮಾಡಿಕೊಂಡರೆ ಅದಕ್ಕೆ ಬೇರೆ ಪದ ಬಳಕೆಯಲ್ಲಿತ್ತಾ?