ರೊಟ್ಟಿ ಬಿಟ್ಟು ಮೂರು ತಿಂಗಳಾಯಿತು, ಮನೆಯವರೆಲ್ಲ ಬೇಸತ್ತಿದ್ದಾರೆ. ನೀವು ಹೇಗೆ ನಿಭಾಯಿಸಿದಿರಿ?

ವಿಜಯಪುರ, ವಯಸ್ಸು 47:

ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಬೆಳಿಗ್ಗೆ ಹತ್ತಕ್ಕೆ ಕೂತರೆ ರಾತ್ರಿ ಎಂಟಕ್ಕೆ ಏಳೋದು. ನಾಲ್ಕು ತಿಂಗಳ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ಶುಗರ್ ಮಟ್ಟ ಹೇಳುವ ಎಚ್‌ಬಿಎ1ಸಿ 6.1 ಬಂತು. ನಮ್ಮಪ್ಪ 58ಕ್ಕೇ ಹೃದಯಾಘಾತದಲ್ಲಿ ಹೋದರು. ಅಪ್ಪನ ಅವ್ವ ಮಾತ್ರ 90 ದಾಟಿದ ಮೇಲೂ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅಪ್ಪನ ದಾರಿ ಬೇಡ, ಅಜ್ಜಿ ದಾರಿ ಹಿಡಿಯೋಣ ಅಂತ ಮೊಬೈಲ್‌ನಲ್ಲಿ ಕಂಡಿದ್ದನ್ನೆಲ್ಲ ಒಂದೇ ಸಲ ಶುರು ಮಾಡಿದೆ. ರೊಟ್ಟಿ ಬಂದ್, ಓಟ್ಸ್ ಚಾಲೂ. ಸಂಜೆ ಏಳರ ಮೇಲೆ ಊಟ ಇಲ್ಲ, ಅಂಗಡಿಯಲ್ಲೇ ಸೌತೆಕಾಯಿ. 10,000 ಹೆಜ್ಜೆ ಆಗದಿದ್ದರೆ ರಾತ್ರಿ 11ಕ್ಕೆ ಪಡಸಾಲೆಯಲ್ಲೇ ಅಡ್ಡಾಡುತ್ತೇನೆ, ಮಕ್ಕಳು ಲೈಟ್ ಆರಿಸಿ ಮಲಗಿರುತ್ತಾರೆ.

ಆರು ಕಿಲೋ ಇಳಿದಿದೆ, ಸುಳ್ಳಲ್ಲ. ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ತಂಗಿಯ ಮಗನ ಮದುವೆಗೆ ಡಬ್ಬಿ ಕಟ್ಟಿಕೊಂಡು ಹೋದೆ, ಪಂಕ್ತಿಯಲ್ಲಿ ಕೂರಲಿಲ್ಲ. ತಂಗಿ ಇವತ್ತಿಗೂ ಸರಿಯಾಗಿ ಮಾತಾಡುತ್ತಿಲ್ಲ. ಹೆಂಡತಿ ಮೊನ್ನೆ ಹೇಳಿದಳು, "ನೂರು ವರ್ಷ ಬದುಕ್ರಿ ಬಿಡ್ರಿ, ಆದ್ರ ಹಿಂಗ ಮಾರಿ ಗಂಟ ಹಾಕ್ಕೊಂಡು ಬ್ಯಾಡ." ನಿಮ್ಮಲ್ಲಿ ಯಾರಾದರೂ ಊಟ, ವ್ಯಾಯಾಮ, ಖುಷಿ ಮೂರನ್ನೂ ಒಟ್ಟಿಗೆ ಇಟ್ಟುಕೊಂಡಿದ್ದೀರಾ? ಪುಸ್ತಕದ ಮಾತು ಬೇಡ, ನಿಮ್ಮ ಮನೆಯಲ್ಲಿ ಏನು ನಡೀತು ಅಂತ ಹೇಳಿ.

ಬಾಗಲಕೋಟೆ ನವನಗರ, 63:

ನಿಮ್ಮ ಡಬ್ಬಿ ಕಥೆ ಓದಿ ನಗು ಬಂತು, ಕ್ಷಮಿಸಿ. ನಾನೂ ಅದೇ ಗಿರಾಕಿ.

ನಮ್ಮದು ಹಳೇ ಬಾಗಲಕೋಟೆ. ಅಲ್ಲಿ ಇರುವಾಗ ವ್ಯಾಯಾಮ ಅನ್ನೋ ಮಾತೇ ಮನೆಯಲ್ಲಿ ಇರಲಿಲ್ಲ. ಕಿರಾಣಿಗೆ ನಡೆದೇ, ಗುಡಿಗೆ ನಡೆದೇ, ಗೆಳೆಯನ ಕಟ್ಟೆಗೆ ನಡೆದೇ. ಆಲಮಟ್ಟಿ ಹಿನ್ನೀರಿಗೆ ನಮ್ಮ ಓಣಿ ಹೋಯಿತು, ನವನಗರದ ಸೆಕ್ಟರ್‌ಗೆ ಬಂದೆವು. ರಸ್ತೆ ಅಗಲ, ಮನೆ ದೊಡ್ಡದು, ಆದರೆ ಎಲ್ಲವೂ ದೂರ, ಹಾಲಿನ ಪಾಕೀಟಿಗೂ ಸ್ಕೂಟರ್. ಊಟ ಮಾತ್ರ ಅದೇ. ಹತ್ತು ವರ್ಷದಲ್ಲಿ 14 ಕಿಲೋ ಏರಿತು. ಕಟ್ಟೆಯಲ್ಲಿ ಕೂತು ಹರಟುವ ಗೆಳೆಯರು ಒಬ್ಬೊಬ್ಬರು ಒಂದೊಂದು ಸೆಕ್ಟರ್‌ಗೆ ಚದುರಿದರು. ತೂಕ ಏರಿದ್ದಕ್ಕಿಂತ ಇದು ಜಾಸ್ತಿ ಕಾಡಿತು ಅಂತ ಈಗ ಅನ್ನಿಸುತ್ತದೆ.

ಶುಗರ್ ಬಂದ ಮೇಲೆ ಒಬ್ಬನೇ ವಾಕಿಂಗ್ ಶುರು ಮಾಡಿದೆ. ಎಂಟು ದಿನ. ಮತ್ತೆ ಶುರು, ಮತ್ತೆ ಹನ್ನೊಂದು ದಿನ. ಆಮೇಲೆ ಹಳೇ ಓಣಿಯ ಮೂವರನ್ನು ಫೋನ್ ಮಾಡಿ ಸೇರಿಸಿದೆ. ಬೆಳಿಗ್ಗೆ 5:40ಕ್ಕೆ ಮೂಲೆಯ ಬೇವಿನ ಮರದ ಕೆಳಗೆ ಸೇರುವುದು. ಬರದಿದ್ದವನ ಮನೆ ಮುಂದೆ ನಿಂತು ಹೆಸರು ಹಿಡಿದು ಕೂಗುವುದು, ಓಣಿಯೆಲ್ಲ ಎದ್ದರೂ ಸರಿ. ಆ ಕೂಗಿನ ಹೆದರಿಕೆಗೇ ಏಳು ವರ್ಷದಿಂದ ನಡೆಯುತ್ತಿದ್ದೇನೆ.

ಆದರೆ ಮೊದಲ ಒಂದು ವರ್ಷ ಯಾರ ತೂಕವೂ ಒಂದು ಗ್ರಾಂ ಇಳಿಯಲಿಲ್ಲ! ಯಾಕೆ ಅಂದರೆ, ವಾಪಸ್ ಬರುವ ದಾರಿಯಲ್ಲಿ ಒಂದು ಭಜಿ ಗಾಡಿ. ನಾವು ತಲುಪುವುದೂ, ಅವನು ಮೊದಲ ಒಬ್ಬೆ ಮಿರ್ಚಿಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಬಾಣಲೆಗೆ ಬಿಡುವುದೂ ಒಂದೇ ಹೊತ್ತಿಗೆ. ಚುರ್ ಅನ್ನೋ ಸದ್ದು ಕೇಳಿದರೆ ನಾಲ್ಕೂ ಜನರ ಕಾಲು ತಾನೇ ನಿಲ್ಲುತ್ತಿತ್ತು. ಪೇಪರ್ ತುಂಡಿನಲ್ಲಿ ಎರಡೆರಡು ಮಿರ್ಚಿ, ಮೇಲೆ ಹಿಡಿ ಚುರುಮುರಿ, ಆಮೇಲೆ ಸಕ್ಕರೆ ಹಾಕಿದ ಚಹಾ. ಮೂರು ಕಿಲೋಮೀಟರ್ ನಡೆದದ್ದು ಅಲ್ಲೇ ಮುಗೀತು. ಈಗ ಭಜಿ ಭಾನುವಾರ ಮಾತ್ರ. ಗಾಡಿಯವನು "ಸಾಹೇಬ್ರ, ಮುನಿಸೇನ್ರಿ?" ಅಂತ ಕೇಳಿದ. ಬೇರೆ ದಿನ ರಸ್ತೆಯ ಆಚೆ ಬದಿ ಹಿಡಿದು ಬರುತ್ತೇವೆ, ಬೇರೆ ಉಪಾಯ ಇಲ್ಲ.

ಬೆಳಗಾವಿ ಟಿಳಕವಾಡಿ, 39:

ರೊಟ್ಟಿ ಯಾಕೆ ಬಿಟ್ಟಿರಿ ಸ್ವಾಮಿ? ಓಟ್ಸ್‌ನವರು ಬಂದು ನಮಗೆ ನಾರು ಅಂದರೇನು ಅಂತ ಕಲಿಸಬೇಕಾ? 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಸುಮಾರು 10 ಗ್ರಾಂ ಪ್ರೋಟೀನ್ ಇದೆ. ಅಕ್ಕಿಯಲ್ಲಿ ನಾರು ಮೂರು ಗ್ರಾಂನ ಹತ್ತಿರ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯದ ವರ್ಷ ಅಂತ ಮಾಡಿದಾಗ ಅದರಲ್ಲಿ ಜೋಳವೂ ಇತ್ತು. ನಾವು ಮಾತ್ರ ಅದನ್ನು ಬಿಟ್ಟು ಡಬ್ಬಿ ತರುತ್ತೇವೆ.

ವಿಜಯಪುರ ತಾಲ್ಲೂಕು, ನರ್ಸ್ ಕೆಲಸ, 44:

ಜೋಳ ಒಳ್ಳೆಯದೇ, ಒಪ್ಪಿದೆ. ಆದರೆ ಅದನ್ನು ದೇವರು ಮಾಡಬೇಡಿ. ಜರಡಿ ಹಿಡಿಯದ ಗೋಧಿ ಹಿಟ್ಟಿನಲ್ಲೂ ನಾರು, ಪ್ರೋಟೀನ್ ಅಷ್ಟೇ ಇದೆ. ಅಜ್ಜಿ ನಾಲ್ಕು ರೊಟ್ಟಿ ತಿಂದು ದಿನವಿಡೀ ಹೊಲದಲ್ಲಿ ಸದೆ ತೆಗೆದಳು. ನಾವು ನಾಲ್ಕು ತಿಂದು ಕುರ್ಚಿಯಲ್ಲಿ ಕೂರುತ್ತೇವೆ. ತಪ್ಪು ರೊಟ್ಟಿಯದಲ್ಲ, ಅಲ್ವಾ? ನಮ್ಮಲ್ಲಿಗೆ ಬರುವವರಿಗೆ ನಾನು ಹೇಳುವುದು ಇಷ್ಟೇ. ನಾಲ್ಕರ ಬದಲು ಎರಡು ರೊಟ್ಟಿ ತಿನ್ನಿ. ಆ ಖಾಲಿ ಜಾಗಕ್ಕೆ ಮಡಕೆಕಾಳು ಪಲ್ಯ, ಮೆಂತ್ಯಸೊಪ್ಪು, ಹಕ್ಕರಕಿ, ಒಂದು ಬಟ್ಟಲು ಮೊಸರು ಬರಲಿ. ಶೇಂಗಾ ಹಿಂಡಿ ಚಮಚದ ಲೆಕ್ಕದಲ್ಲಿ ಇರಲಿ, ಅದರ ಮೇಲೆ ಸುರಿಯುವ ಎಣ್ಣೆ ಇನ್ನೂ ಸಣ್ಣ ಚಮಚದ ಲೆಕ್ಕದಲ್ಲಿ. ಹಿಂಡಿ, ಉಪ್ಪಿನಕಾಯಿ, ಹಪ್ಪಳ ಮೂರೂ ಒಂದೇ ತಟ್ಟೆಯಲ್ಲಿ ಬಂದರೆ ಉಪ್ಪು ಎಲ್ಲಿಗೆ ಹೋಯಿತು ನೋಡಿ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಅನ್ನುತ್ತದೆ, ಅಂದರೆ ಎಲ್ಲ ಅಡುಗೆ ಸೇರಿ ಒಂದು ಟೀ ಚಮಚ.

6.1 ಬಗ್ಗೆ ಹೇಳ್ತೀನಿ. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಕಾಯಿಲೆ. ನೀವು ಹೊಸ್ತಿಲಲ್ಲಿ ನಿಂತಿದ್ದೀರಿ, ಆರು ಕಿಲೋ ಇಳಿಸಿದ್ದೀರಿ, ಹೀಗಾಗಿ ವಾಪಸ್ ಬರುವ ಸಾಧ್ಯತೆ ಚೆನ್ನಾಗಿದೆ. ಆ ಪರೀಕ್ಷೆ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ, ಈಗ ಇನ್ನೊಮ್ಮೆ ಮಾಡಿಸಿ. ಬಿಪಿ, ಕೊಲೆಸ್ಟ್ರಾಲ್ ಕೂಡ ನೋಡಿಸಿ. ಅಪ್ಪನಿಗೆ ಅಷ್ಟು ಬೇಗ ಹೃದಯಾಘಾತ ಆಗಿದೆ ಅನ್ನೋದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಅದು ಸಣ್ಣ ಸುದ್ದಿ ಅಲ್ಲ.

ಇನ್ನು 10,000 ಹೆಜ್ಜೆ. ಆ ಸಂಖ್ಯೆ ಡಾಕ್ಟರು ಕೊಟ್ಟದ್ದಲ್ಲ, 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ಒಂದು ಅಧ್ಯಯನ ಬಂತು. 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವು ಕಡಿಮೆ ಇತ್ತು, 7,500ರ ಹತ್ತಿರ ಹೋದ ಮೇಲೆ ಲಾಭ ಹೆಚ್ಚಲಿಲ್ಲ. ಹೀಗಾಗಿ ರಾತ್ರಿ 11ಕ್ಕೆ ಪಡಸಾಲೆ ತುಳಿಯಬೇಡಿ, ಮಲಗಿ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ಸಾಕು, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ. ಊಟ ಆದ ಮೇಲೆ ಹತ್ತು ನಿಮಿಷ ಅಡ್ಡಾಡಿದರೆ ಶುಗರ್ ಏರುವುದು ತಗ್ಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ, ಆಗ ಬೆಳಿಗ್ಗೆ ಏಳರೊಳಗೆ ಮುಗಿಸಿ.

ಮತ್ತೆ ಒಂದು ಮಾತು ಕೇಳಬೇಕು, ಬೇಜಾರಾಗಬೇಡಿ. ಅಡತಿ ಅಂಗಡಿ ಅಂದಿರಿ. ಮಾವಾ (ಅಡಿಕೆ, ತಂಬಾಕು, ಸುಣ್ಣ ಕಲಸಿದ್ದು), ಗುಟ್ಕಾ ಏನಾದರೂ ಇದೆಯಾ?

ವಿಜಯಪುರ, 47 (ಕೇಳಿದವನು):

ಮಾವಾ ಇದೆ. ದಿನಕ್ಕೆ ನಾಲ್ಕು ಪುಡಿಕೆ. ಲೆಕ್ಕ ಬರೆಯುವಾಗ ಕೈ ತಾನೇ ಜೇಬಿಗೆ ಹೋಗುತ್ತದೆ. ಇದನ್ನು ಊಟದ ಲೆಕ್ಕಕ್ಕೆ ತಗೊಂಡೇ ಇರಲಿಲ್ಲ.

ವಿಜಯಪುರ ತಾಲ್ಲೂಕು, ನರ್ಸ್ ಕೆಲಸ, 44:

ಅದೇ ನೋಡಿ. ರೊಟ್ಟಿ ಬಿಟ್ಟಿರಿ, ಹೋಳಿಗೆ ಬಿಟ್ಟಿರಿ, ತಂಗಿಯ ಮಾತು ಬಿಟ್ಟಿರಿ, ತಂಬಾಕು ಮಾತ್ರ ಇಟ್ಟುಕೊಂಡಿರಿ. ಬಾಯಿ ಕ್ಯಾನ್ಸರ್ ಒಂದೇ ಅಲ್ಲ, ಹೃದಯಕ್ಕೂ ಅದು ವೈರಿ. ನಮ್ಮ ವಾರ್ಡಿನಲ್ಲಿ ಬಾಯಿ ಎರಡು ಬೆರಳಿನಷ್ಟೂ ತೆರೆಯಲಾಗದೆ ಬರುವ ಮೂವತ್ತರ ಹುಡುಗರನ್ನು ನೋಡಿದರೆ ಓಟ್ಸ್, ರೊಟ್ಟಿ ಜಗಳ ಯಾರಿಗೂ ನೆನಪಾಗುವುದಿಲ್ಲ. ನೀವು ಒಂದೇ ಒಂದನ್ನು ಬಿಡುವುದಾದರೆ ಇದನ್ನು ಬಿಡಿ, ಉಳಿದದ್ದು ಆಮೇಲೆ. 1800-11-2356ಕ್ಕೆ ಫೋನ್ ಮಾಡಿ, ತಂಬಾಕು ಬಿಡಲು ನೆರವಾಗುವ ಸರ್ಕಾರದ ಸಹಾಯವಾಣಿ ಅದು, ದುಡ್ಡು ಬೀಳುವುದಿಲ್ಲ.

ಅಥಣಿ ಕಡೆಯವನು, 52:

ನಾನು ಗರಡಿ ಮನೆಯಲ್ಲಿ ಬೆಳೆದವನು. ದಿನಕ್ಕೆ 500 ಬೈಠಕ್, ಲೀಟರ್‌ಗಟ್ಟಲೆ ಹಾಲು, ಬಾದಾಮಿ, ತುಪ್ಪ. 29ಕ್ಕೆ ಭುಜ ಕಿತ್ತುಕೊಂಡಿತು, ಕುಸ್ತಿ ಬಿಟ್ಟೆ, ಹಾಲು ತುಪ್ಪ ಬಿಡಲಿಲ್ಲ. 40ಕ್ಕೆ 108 ಕಿಲೋ. ಪೈಲ್ವಾನ ಅಂತ ಜನ ಕರೆಯುತ್ತಿದ್ದರು, ಮನೆ ಮೆಟ್ಟಿಲು ಹತ್ತಿದರೆ ಏದುಸಿರು. ಈಗ ಮೊಮ್ಮಗನ ವಯಸ್ಸಿನ ಹುಡುಗರಿಗೆ ಪಟ್ಟು ಕಲಿಸಲು ವಾರಕ್ಕೆ ಮೂರು ದಿನ ಗರಡಿಗೆ ಹೋಗುತ್ತೇನೆ. ಅವರು 200 ಬೈಠಕ್ ಹೊಡೆಯುವಾಗ ನಾನು 20 ಹೊಡೆಯುತ್ತೇನೆ. ಕೆಂಪು ಮಣ್ಣಿನ ವಾಸನೆ ಮೂಗಿಗೆ ಬಡಿದರೆ ಸಾಕು, ಅವತ್ತು ಮನೆಯಲ್ಲಿ ಯಾರ ಮೇಲೂ ರೇಗುವುದಿಲ್ಲ. ತೂಕ 91ರಲ್ಲಿ ನಿಂತಿದೆ. ಇನ್ನೂ ಇಳಿಯಬೇಕು ಅಂತಾರೆ, ನೋಡೋಣ.

ನಿಮಗೆ ಬೈಠಕ್ ಬೇಡ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ, ಅಂಗಡಿಯಲ್ಲೇ ಆಗುತ್ತದೆ.

ಜಮಖಂಡಿ, ಗೃಹಿಣಿ, 50:

ಗಂಡಸರೆಲ್ಲ ಬೆಳಿಗ್ಗೆ ಐದೂವರೆಗೆ ಬೇವಿನ ಮರದ ಕೆಳಗೆ ಸೇರುತ್ತೀರಿ, ಬಹಳ ಚೆನ್ನಾಗಿದೆ. ಆ ಹೊತ್ತಿಗೆ ಒಲೆ ಹಚ್ಚುವವರು ಯಾರು?

ನಮ್ಮ ಮನೆಯವರು ಶುಗರ್ ಬಂದ ಮೇಲೆ ಬೇರೆ ಊಟ ಕೇಳಿದರು. ಅತ್ತೆಗೆ ಮೆತ್ತನೆ ಅನ್ನ, ಮಗನಿಗೆ ಚಪಾತಿ, ಇವರಿಗೆ ಓಟ್ಸ್, ಮೂರು ಅಡುಗೆ. ನಾನು ಉಳಿದದ್ದನ್ನು ತಿನ್ನುತ್ತಿದ್ದೆ, ಹೀಗಾಗಿ ನನ್ನ ಬಿಪಿ 150 ಆಯಿತು. ಯಾರ ಆರೋಗ್ಯ ಯಾರು ನೋಡೋದು? ಒಂದಿನ ತಟ್ಟುತ್ತಿದ್ದ ರೊಟ್ಟಿ ಹಂಚಿನ ಮೇಲೆ ಹಾಗೇ ಬಿಟ್ಟು ಹೊರಗೆ ಬಂದು ಕೂತೆ. ಅದು ಕರಕಲಾಗಿ ಹೊಗೆ ಬಂದಾಗ ಎಲ್ಲರೂ ಓಡಿ ಬಂದರು. ಅವತ್ತಿನಿಂದ ಮನೆಯಲ್ಲಿ ಒಂದೇ ಅಡುಗೆ, ಎಲ್ಲರಿಗೂ. ಪಲ್ಯ ಜಾಸ್ತಿ, ಎಣ್ಣೆ ಕಮ್ಮಿ. ಸೊಪ್ಪು ಬಿಡಿಸುವುದು ಅವರ ಕೆಲಸ, ಟಿವಿ ನೋಡುತ್ತಲೇ ಬಿಡಿಸುತ್ತಾರೆ, ಕಡ್ಡಿ ಉಳಿದಿರುತ್ತವೆ, ನಾನು ಏನೂ ಅನ್ನೋದಿಲ್ಲ.

ನನ್ನ ನಡಿಗೆ ರಾತ್ರಿ ಒಂಬತ್ತಕ್ಕೆ, ಮಾಳಿಗೆ ಮೇಲೆ, ಪಕ್ಕದ ಮನೆಯವಳ ಜೊತೆ. ಅವಳ ಮಾಳಿಗೆಗೂ ನಮ್ಮದಕ್ಕೂ ಮೊಣಕಾಲೆತ್ತರದ ಗೋಡೆ. ಆಕೆ ಆ ಕಡೆ, ನಾನು ಈ ಕಡೆ, ಗೋಡೆ ಗುಂಟ ಹೋಗಿ ಬರುವುದು. ಸೊಸೆ ಸುದ್ದಿ, ಇಳಕಲ್ ಸೀರೆ ಸುದ್ದಿ, ಯಾರಿಗೆ ಯಾವ ಗುಳಿಗೆ ಅನ್ನೋದು ಎಲ್ಲ ಅಲ್ಲೇ. ಅರ್ಧ ಗಂಟೆ ಅಂದುಕೊಂಡಿದ್ದು ಮುಕ್ಕಾಲು ಆಗುತ್ತದೆ. ಮೊನ್ನೆ ಬಿಪಿ 132 ಇತ್ತು, ಗುಳಿಗೆ ನುಂಗಿಯೇ, ಬಿಟ್ಟಿಲ್ಲ.

ನಿಮ್ಮ ಹೆಂಡತಿ ಏನು ತಿನ್ನುತ್ತಾರೆ ಅಂತ ಒಂದು ಸಲ ನೋಡಿ ಅಣ್ಣಾ.

ಬೆಳಗಾವಿ ಟಿಳಕವಾಡಿ, 39:

ಅಕ್ಕಾ, ಕರಕಲು ರೊಟ್ಟಿ ಉಪಾಯ ನನ್ನ ಹೆಂಡತಿಗೆ ಹೇಳಬೇಡಿ ಮತ್ತೆ.

ಖುಷಿ ವಿಷಯಕ್ಕೆ ಒಂದು ಸೇರಿಸುತ್ತೇನೆ. ಹಾರ್ವರ್ಡ್‌ನವರು 1938ರಿಂದ ಒಂದಿಷ್ಟು ಜನರ ಬದುಕನ್ನು ಹಿಂಬಾಲಿಸಿಕೊಂಡು ಬಂದಿದ್ದಾರೆ. 50ರ ವಯಸ್ಸಿನಲ್ಲಿ ಮನೆಯವರು, ಗೆಳೆಯರ ಜೊತೆ ಚೆನ್ನಾಗಿದ್ದವರೇ 80ರಲ್ಲೂ ಗಟ್ಟಿಯಾಗಿದ್ದರಂತೆ, ಕೊಲೆಸ್ಟ್ರಾಲ್ ನೋಡಿದ್ದರೂ ಅಷ್ಟು ಸರಿಯಾಗಿ ಹೇಳಲು ಆಗುತ್ತಿರಲಿಲ್ಲವಂತೆ. ಇದನ್ನು ಓದಿ ಕುಂದಾ ಕೆಜಿಗಟ್ಟಲೆ ತಿನ್ನಲು ಹೋಗಬೇಡಿ, ನಾನು ಹೋಗಿದ್ದೆ.

ಬಾಗಲಕೋಟೆ ನವನಗರ, 63:

ಮದುವೆ ಊಟಕ್ಕೆ ನನ್ನ ಪದ್ಧತಿ ಹೇಳ್ತೀನಿ. ಪಂಕ್ತಿಯಲ್ಲಿ ಕೂರುತ್ತೇನೆ. ಒಂದು ಹೋಳಿಗೆ, ತುಪ್ಪ ಸಹಿತ, ನಿಧಾನವಾಗಿ. ಬಡಿಸುವವನು ಎರಡನೇ ಸಲ ಬಂದಾಗ ಎಲೆ ಮೇಲೆ ಕೈ ಅಡ್ಡ. ಅನ್ನಕ್ಕೆ ಬರುವ ಹೊತ್ತಿಗೆ ಮಾತಿಗೆ ಕೂತಿರುತ್ತೇನೆ. ಎಳ್ಳ ಅಮಾವಾಸ್ಯೆಯ ದಿನ ಮಾತ್ರ ಲೆಕ್ಕ ಇಲ್ಲ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಕಡುಬು ಎಲ್ಲ ತಿಂದು ಬನ್ನಿ ಗಿಡದ ನೆರಳಿನಲ್ಲಿ ಮಲಗುತ್ತೇನೆ. ಮರುದಿನ 5:40ಕ್ಕೆ ಮತ್ತೆ ಕೂಗು.

ವಿಜಯಪುರ, 47 (ಕೇಳಿದವನು):

ಎಲ್ಲರಿಗೂ ತಡವಾಗಿ ಉತ್ತರಿಸುತ್ತಿದ್ದೇನೆ, ಹದಿನೈದು ದಿನ ಆಯಿತು. ಮಾವಾ ನಾಲ್ಕರಿಂದ ಒಂದಕ್ಕೆ ಬಂದಿದೆ. ಜೇಬಿನಲ್ಲಿ ಬಡೇಸೋಪು ಇಟ್ಟುಕೊಂಡಿದ್ದೇನೆ, ಆದರೂ ಮಧ್ಯಾಹ್ನ ಮೂರಕ್ಕೆ ತಲೆ ಸಿಡಿಯುತ್ತದೆ. ಸಹಾಯವಾಣಿಯವರು ಪೂರ್ತಿ ಬಿಡುವ ತಾರೀಖು ಹಾಕಿಕೊಳ್ಳಿ ಅಂದರು, ಹಾಕಿಕೊಂಡಿದ್ದೇನೆ. ಹೆಂಡತಿ ಏನು ತಿನ್ನುತ್ತಾಳೆ ಅಂತ ನೋಡಿದೆ ಅಕ್ಕಾ. ರಾತ್ರಿ ನಾನು ಬಿಟ್ಟ ಓಟ್ಸ್ ತಿನ್ನುತ್ತಿದ್ದಳು, ಚೆಲ್ಲಬಾರದು ಅಂತ.

ಈಗ ಇಬ್ಬರಿಗೂ ರೊಟ್ಟಿ. ಭಾನುವಾರ ಅವಳನ್ನೂ ಮಕ್ಕಳನ್ನೂ ಕರೆದುಕೊಂಡು ಗೋಳಗುಮ್ಮಟ ಹತ್ತಿದೆ. ಇದೇ ಊರಲ್ಲಿದ್ದು 20 ವರ್ಷದಿಂದ ಮೇಲೆ ಹೋಗಿರಲಿಲ್ಲ. ಮಿನಾರಿನ ಒಳಗಿನ ಮೆಟ್ಟಿಲು ಕಿರಿದು, ಎತ್ತರ ಬೇರೆ, ನಾಲ್ಕನೇ ಅಂತಸ್ತಿಗೆ ನಾನು ಕೂತೆ, ಅವಳು ಕೂರಲಿಲ್ಲ! ಮೇಲೆ ಗುಮ್ಮಟದೊಳಗೆ ಗೋಡೆಗೆ ಬಾಯಿ ಹಚ್ಚಿ ಮಗಳು ಏನೋ ಪಿಸುಗುಟ್ಟಿದಳು, ಆಚೆ ಕಡೆ ಕಿವಿ ಇಟ್ಟ ನನಗೆ "ಅಪ್ಪಾ ನಕ್ಕ" ಅಂತ ಕೇಳಿಸಿತು. ತಂಗಿಯ ಮನೆಗೆ ಮುಂದಿನ ವಾರ ಹೋಗುತ್ತೇವೆ, ಡಬ್ಬಿ ಇಲ್ಲದೆ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಇನ್ನೂ ಎರಡು ಕಿಲೋ ಓಟ್ಸ್ ಇದೆ, ಏನು ಮಾಡಲಿ?

ಜಮಖಂಡಿ, ಗೃಹಿಣಿ, 50:

ಉಪ್ಪಿಟ್ಟು ಮಾಡಿ. ಈರುಳ್ಳಿ, ಹಸಿಮೆಣಸಿನಕಾಯಿ ಜಾಸ್ತಿ ಹಾಕಿ, ಕೊನೆಗೆ ನಿಂಬೆಹಣ್ಣು. ಈರುಳ್ಳಿ ನೀವೇ ಹೆಚ್ಚಿ.