ಕೂಪನ್ ಎಕ್ಸ್‌ಟೆನ್ಶನ್‌ಗಳಿಗೆ ಕಡಿವಾಣ ಬೇಕೇ?

ಅಡುಗೆಮನೆ ವಿಮರ್ಶಕ: ಒಂದು ಮಿಕ್ಸಿಯನ್ನು ಎರಡು ವಾರ ಬಳಸಿ, ದೋಸೆ ಹಿಟ್ಟಿನಿಂದ ಮಸಾಲೆ ಪುಡಿಯವರೆಗೆ ಎಲ್ಲವನ್ನೂ ಅರೆದು ನೋಡಿ ವಿಮರ್ಶೆ ಬರೆದೆ. ಅದರಲ್ಲಿ ಒಂದು ಅಫಿಲಿಯೇಟ್ ಲಿಂಕ್ ಹಾಕಿದೆ; ಅದರ ಮೂಲಕ ಯಾರಾದರೂ ಕೊಂಡರೆ ಅಂಗಡಿ ನನಗೆ ಕಮಿಷನ್ ಕೊಡುತ್ತದೆ. ನನ್ನ ಅಕ್ಕ ನನ್ನೆದುರೇ ಆ ಲಿಂಕ್ ಒತ್ತಿ ಮಿಕ್ಸಿಯನ್ನು ಕಾರ್ಟಿಗೆ ಹಾಕಿದಳು. ಹಣ ಕಟ್ಟುವ ಪುಟದಲ್ಲಿ, ಅವಳ ಬ್ರೌಸರಿನಲ್ಲಿದ್ದ, ರಿಯಾಯಿತಿ ಹುಡುಕಿಕೊಡುವ ಕೂಪನ್ ಎಕ್ಸ್‌ಟೆನ್ಶನ್ ಎದ್ದು ಬಂದು ‘ಕೂಪನ್ ಸಿಗಲಿಲ್ಲ’ ಎಂದಿತು. ಅವಳು ‘ಸರಿ’ ಒತ್ತಿದಳು. ಪಕ್ಕದಲ್ಲಿ ಒಂದು ಟ್ಯಾಬ್ ಮಿಂಚಿನಂತೆ ತೆರೆದು ಮುಚ್ಚಿತು. ಗಿರಾಕಿ ಯಾರ ಲಿಂಕಿನಿಂದ ಬಂದರು ಎಂದು ಬ್ರೌಸರಿನಲ್ಲಿ ಗುರುತಿಡುವ ಕುಕೀ ನೋಡಿದರೆ ನನ್ನ ಗುರುತಿನ ಜಾಗದಲ್ಲಿ ಅವರ ಗುರುತು! ಒಂದು ರೂಪಾಯಿಯನ್ನೂ ಉಳಿಸಿಕೊಡದವರಿಗೆ ಕಮಿಷನ್ ಏಕೆ?

ಉಳಿತಾಯದ ಗ್ರಾಹಕಿ: ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಇಂಥದ್ದೇ ಎಕ್ಸ್‌ಟೆನ್ಶನ್‌ನಿಂದ ನನಗೆ ಹಲವು ಬಾರಿ ಕ್ಯಾಶ್‌ಬ್ಯಾಕ್ ಬಂದಿದೆ. ಅದನ್ನೇ ನಿಷೇಧಿಸಿದರೆ ನಷ್ಟ ನನಗೆ.

ಹಳೆಯ ಮ್ಯಾನೇಜರ್: ನಿಷೇಧ ಬೇಕಿಲ್ಲ, ನಿಯಮ ಎಂದೋ ಹುಟ್ಟಿದೆ. ಬ್ರೌಸರಿಗೆ ಸೇರಿಸಿಕೊಳ್ಳುತ್ತಿದ್ದ ಹಳೆಯ ಟೂಲ್‌ಬಾರ್‌ಗಳ ಕಾಲದಲ್ಲೇ, 2002ರ ಕೊನೆಯಲ್ಲಿ, ಅಂಗಡಿಗೂ ಲಿಂಕ್ ಹಾಕುವವರಿಗೂ ನಡುವೆ ನಿಂತು ಕಮಿಷನ್ ಲೆಕ್ಕ ನೋಡುವ ನೆಟ್‌ವರ್ಕ್‌ಗಳಾದ ಕಮಿಷನ್ ಜಂಕ್ಷನ್, ಬಿ ಫ್ರೀ, ಪರ್ಫಾರ್ಮಿಕ್ಸ್ ಸೇರಿ ನೀತಿಸಂಹಿತೆ ತಂದವು. ಗ್ರಾಹಕ ಬೇರೊಬ್ಬರ ಲಿಂಕಿನಿಂದ ಬಂದಿದ್ದರೆ ಸಾಫ್ಟ್‌ವೇರ್ ಹಿಂದೆ ಸರಿದು ಸುಮ್ಮನಿರಬೇಕು ಎಂಬುದೇ ಅದರ ತಿರುಳು. ಅದನ್ನು ಪರೀಕ್ಷಿಸುವವರು ಯಾರು ಎಂಬುದೇ ತೊಡಕು. ಎಕ್ಸ್‌ಟೆನ್ಶನ್ ತಂದ ಮಾರಾಟದಲ್ಲಿ ನೆಟ್‌ವರ್ಕಿಗೂ ಪಾಲಿದೆ. ತನ್ನ ಆದಾಯಕ್ಕೆ ತಾನೇ ಕತ್ತರಿ ಹಾಕಿಕೊಳ್ಳುವವರು ಅಪರೂಪ.

ಕೋಡ್ ಬರೆಯುವವನು: ನಾನೂ ಒಂದು ಸಣ್ಣ ಎಕ್ಸ್‌ಟೆನ್ಶನ್ ನಡೆಸುತ್ತೇನೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಕೊನೆಯ ಕ್ಲಿಕ್ಕಿಗೆ, ಅಂದರೆ ಕೊಳ್ಳುವ ಮುಂಚೆ ಕೊನೆಗೆ ಒತ್ತಿದ ಲಿಂಕಿನವರಿಗೆ ಕಮಿಷನ್ ಎಂಬುದು ಅಂಗಡಿಯವರೇ ಒಪ್ಪಿದ ಲೆಕ್ಕ. 2024ರ ಡಿಸೆಂಬರ್‌ನಲ್ಲಿ ಮೆಗಾಲ್ಯಾಗ್ ಎಂಬ ಯೂಟ್ಯೂಬ್ ಚಾನೆಲ್ ಹನಿ ಎಂಬ ಕೂಪನ್ ಎಕ್ಸ್‌ಟೆನ್ಶನ್ ಇತರರ ಕಮಿಷನ್ ಕಸಿಯುತ್ತದೆ ಎಂದು ಆರೋಪ ಹೊರಿಸಿದಾಗ, ಅದರ ಒಡೆಯ ಕಂಪನಿ ಪೇಪಾಲ್ ಕೊಟ್ಟ ಉತ್ತರವೂ ಅದೇ.

ಅಂಗಡಿ ನಡೆಸುವವಳು: ಆ ಲೆಕ್ಕ ಒಪ್ಪಿದ್ದು ನಿಜ. ಆದರೆ ಗಿರಾಕಿಯನ್ನು ಕರೆತಂದವರಿಗೆ ಕೊಡೋಣ ಎಂದು ಒಪ್ಪಿದೆವು. ಗಲ್ಲಾಪೆಟ್ಟಿಗೆಯ ಮುಂದೆ ಹಣ ಹಿಡಿದು ನಿಂತವನ ಭುಜ ತಟ್ಟಿ ‘ಇವನನ್ನು ನಾನೇ ಕರೆತಂದೆ’ ಎನ್ನುವುದು ಯಾವ ನ್ಯಾಯ? ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲಾಯಿತು.

ಕೋಡ್ ಬರೆಯುವವನು: ಗ್ರಾಹಕಿ ಗುಂಡಿ ಒತ್ತಿದ್ದಾರಲ್ಲ, ಅದು ಒಪ್ಪಿಗೆಯಲ್ಲವೇ?

ಅಡುಗೆಮನೆ ವಿಮರ್ಶಕ: ಖಂಡಿತ ಅಲ್ಲ. ಅಕ್ಕ ಒತ್ತಿದ್ದು ಆ ಪೆಟ್ಟಿಗೆಯನ್ನು ಮುಚ್ಚುವುದಕ್ಕೆ. 2025ರ ಮಾರ್ಚ್‌ನಲ್ಲಿ ಗೂಗಲ್, ಎಕ್ಸ್‌ಟೆನ್ಶನ್‌ಗಳು ಸಿಗುವ ತನ್ನ ಕ್ರೋಮ್ ವೆಬ್ ಸ್ಟೋರಿನ ನೀತಿಯನ್ನು ಬದಲಿಸಿತು. ಅದರಂತೆ, ಬಳಕೆದಾರರಿಗೆ ನೇರ ಪ್ರಯೋಜನವಿಲ್ಲದೆ ಅಫಿಲಿಯೇಟ್ ಲಿಂಕ್ ಸೇರಿಸುವಂತಿಲ್ಲ. ಪ್ರತಿ ಸಲವೂ ಅದಕ್ಕೆ ಸಂಬಂಧಿಸಿದ ಕೆಲಸವನ್ನು ಬಳಕೆದಾರರು ತಾವಾಗಿ ಮಾಡಿರಬೇಕು. ರಿಯಾಯಿತಿ ಇಲ್ಲದಿದ್ದರೆ ಕುಕೀಯೂ ಇಲ್ಲ.

ಉಳಿತಾಯದ ಗ್ರಾಹಕಿ: ಇದಕ್ಕೆ ನನ್ನ ಪೂರ್ಣ ಒಪ್ಪಿಗೆ. ಆದರೆ ಅವರು ನಿಜವಾಗಿ ಕ್ಯಾಶ್‌ಬ್ಯಾಕ್ ಕೊಟ್ಟರೆ, ಅದೂ ನಾನು ನಿಮ್ಮ ವಿಮರ್ಶೆ ಓದಿ ಬಂದಿದ್ದರೆ?

ಹಳೆಯ ಮ್ಯಾನೇಜರ್: ಗೂಗಲ್‌ನ ನೀತಿ ಮುಟ್ಟದ ಜಾಗ ಅದೇ. ಅಲ್ಲಿಗೆ ಹಿಂದೆ ಸರಿಯುವ ಹಳೆಯ ನಿಯಮವೇ ಬೇಕು.

ಕೋಡ್ ಬರೆಯುವವನು: ಅಲ್ಲಿಗೆ ನನ್ನ ತಕರಾರು ಇದೆ. ಕ್ಯಾಶ್‌ಬ್ಯಾಕ್ ಹಣ ಬರುವುದೇ ಕಮಿಷನ್‌ನಿಂದ. ನಾನು ಸರಿದು ನಿಂತರೆ ಅವರಿಗೆ ಎಲ್ಲಿಂದ ಕೊಡಲಿ? ಕೂಪನ್ ಸಿಗದಿದ್ದಾಗ ಕುಕೀ ಹಾಕುವುದು ಮಾತ್ರ ತಪ್ಪು, ಒಪ್ಪುತ್ತೇನೆ.

ಅಂಗಡಿ ನಡೆಸುವವಳು: ಹಾಗಾದರೆ ನನ್ನಿಂದಲೇ ಶುರುವಾಗಲಿ. ನನ್ನ ಕಮಿಷನ್ ಕಾರ್ಯಕ್ರಮದ ಷರತ್ತಿನಲ್ಲಿ ಎರಡನ್ನೂ ಬರೆಯುತ್ತೇನೆ: ಕೂಪನ್ ಸಿಗದಿದ್ದರೆ ಕುಕೀ ಇಲ್ಲ, ಬೇರೊಬ್ಬರ ಲಿಂಕಿನಿಂದ ಬಂದಿದ್ದರೆ ಹಿಂದೆ ಸರಿಯಬೇಕು. ತಿಂಗಳಿಗೊಮ್ಮೆ ವಿಮರ್ಶಕರೊಬ್ಬರ ಲಿಂಕಿನಿಂದ ನಾನೇ ಬಂದು, ಒಂದೊಂದು ಎಕ್ಸ್‌ಟೆನ್ಶನ್ ಹಾಕಿಕೊಂಡು ಆರ್ಡರ್ ಮಾಡಿ, ಕಮಿಷನ್ ಯಾರ ಹೆಸರಿಗೆ ಬಿತ್ತು ಎಂದು ನೋಡುತ್ತೇನೆ. ವಿಮರ್ಶಕರೇ, ಮೊದಲ ಪರೀಕ್ಷೆಗೆ ನಿಮ್ಮ ಮಿಕ್ಸಿಯ ಲಿಂಕ್ ಕಳುಹಿಸಿ.