‘ಕಣಿವೆ’ ಎಂದರೆ ಬೆಟ್ಟ ದಾಟುವ ದಾರಿಯೋ, ಬೆಟ್ಟಗಳ ನಡುವಿನ ತಗ್ಗೋ?

ಮಾನ್ಯರೇ,

ಅಂತರ್ಜಾಲದ ವಿಶ್ವಕೋಶವೊಂದರಲ್ಲಿರುವ ಪರ್ವತಸಾಲುಗಳ ಕುರಿತ ಕನ್ನಡ ಬರಹಗಳನ್ನು ಕೆಲವು ವಾರಗಳಿಂದ ಬಿಡುವಾದಾಗಲೆಲ್ಲ ತಿದ್ದುತ್ತಿದ್ದೇನೆ. ಎತ್ತರ, ಉದ್ದ, ಇಸವಿಗಳಲ್ಲಿ ಆಗಿರುವ ತಪ್ಪುಗಳು ಹೆಚ್ಚು ಕಾಡುವುದಿಲ್ಲ. ನಕಾಶೆಯನ್ನು ಎದುರಿಗಿಟ್ಟುಕೊಂಡರೆ ಅವು ತಾವಾಗಿಯೇ ಸಿಕ್ಕಿಬೀಳುತ್ತವೆ. ಅಂಕಿಗಳೆಲ್ಲ ಸರಿಯಾಗಿದ್ದೂ ಓದುಗನು ತಪ್ಪು ತಿಳಿಯುವಂತಹ ವಾಕ್ಯಗಳೇ ತೊಡಕಿನವು. ಹಿಮಾಚಲ ಪ್ರದೇಶದ ರೋಹತಾಂಗ್ ಕುರಿತ ಬರಹದಲ್ಲಿ ಇಂತಹದೊಂದು ವಾಕ್ಯವಿದೆ: “3,978 ಮೀಟರ್ ಎತ್ತರದಲ್ಲಿರುವ ರೋಹತಾಂಗ್ ಕಣಿವೆಯು ಕುಲು ಕಣಿವೆಯನ್ನು ಲಾಹೌಲ್ ಮತ್ತು ಸ್ಪಿತಿ ಕಣಿವೆಗಳೊಂದಿಗೆ ಜೋಡಿಸುತ್ತದೆ.” ಇಲ್ಲಿ ಒಂದೇ ಪದವು ಒಂದೇ ವಾಕ್ಯದಲ್ಲಿ ಎರಡು ಅರ್ಥಗಳನ್ನು ಹೊತ್ತು ನಿಂತಿದೆ. ಮೊದಲನೆಯ ‘ಕಣಿವೆ’ ಬೆಟ್ಟಸಾಲಿನ ಬೆನ್ನು ತುಸು ತಗ್ಗಿ ಆಚೆಗೆ ದಾಟಲು ದಾರಿ ಕೊಟ್ಟ ಜಾಗ. ಉಳಿದವು ನದಿ ಹರಿಯುವ, ಊರು ಹೊಲಗಳಿರುವ ತಗ್ಗಿನ ನೆಲ. ರೋಹತಾಂಗಿನ ತೆಂಕಣದ ನೀರು ಬಿಯಾಸ್ ನದಿಗೂ ಬಡಗಣದ ನೀರು ಚಂದ್ರಾ ನದಿಗೂ ಹೋಗುತ್ತದೆ. ಅಂದರೆ ಮೊದಲನೆಯ ಅರ್ಥದ ಜಾಗದಲ್ಲಿ ನೀರು ಬೇರೆಯಾಗುತ್ತದೆ, ಎರಡನೆಯ ಅರ್ಥದ ಜಾಗದಲ್ಲಿ ಕೂಡುತ್ತದೆ. ಭೂಗೋಳದಲ್ಲಿ ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೇನಿದ್ದೀತು?

ಈ ಗೊಂದಲವು ಬರಿಯ ಪದದಲ್ಲಿಯೇ ನಿಲ್ಲದೆ ಸಂಗತಿಗೂ ಹಬ್ಬಿದ್ದನ್ನು ಕಾಶ್ಮೀರಕ್ಕೂ ಲಡಾಖಿಗೂ ನಡುವಿನ ಝೋಜಿ ಲಾ ಕುರಿತ ಬರಹದಲ್ಲಿ ಕಂಡೆ. 3,528 ಮೀಟರ್ ಎತ್ತರದ ಆ ದಾರಿಯ ಪಡುವಣಕ್ಕೆ ಸೋನಾಮಾರ್ಗದ ಕಡೆಗೆ ಹರಿಯುವುದು ಝೇಲಂ ನದಿಯ ಉಪನದಿಯಾದ ಸಿಂಧ್. ಅನುವಾದಿಸಿದವರು ಅದನ್ನು “ಸಿಂಧೂ ಕಣಿವೆ” ಎಂದು ಬರೆದು, ಮೊಹೆಂಜೊದಾರೊ ಪುಟಕ್ಕೆ ಕೊಂಡಿಯನ್ನೂ ಹಾಕಿದ್ದಾರೆ. ಅವರನ್ನು ಆಕ್ಷೇಪಿಸುವುದು ಸುಲಭ. ಆದರೆ ‘ಸಿಂಧೂ ಕಣಿವೆ’ ಎಂಬ ಜೋಡಿಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ ಯಾರ ಕೈಯಾದರೂ ಹಾಗೆಯೇ ಹರಿಯುತ್ತಿತ್ತು. ಅದೇ ಬರಹದ ತಲೆಬರಹ “ಝೋಜಿ ಲಾ ಪಾಸ್ ಕಣಿವೆ” ಎಂದಿದೆ. ಟಿಬೆಟ್ ನುಡಿಯಲ್ಲಿ ‘ಲಾ’ ಎಂದರೇ ಬೆಟ್ಟ ದಾಟುವ ದಾರಿಯಾದ್ದರಿಂದ, ಒಂದೇ ಮಾತನ್ನು ಮೂರು ಭಾಷೆಗಳಲ್ಲಿ ಹೇಳಿದಂತಾಯಿತು.

ಕನ್ನಡದ ಮಟ್ಟಿಗೆ ‘ಕಣಿವೆ’ಯ ಹಳೆಯ ಅರ್ಥ ದಾರಿಯ ಕಡೆಗೇ ವಾಲುತ್ತದೆಂದು ನನ್ನ ಅಂದಾಜು. ನಾನು ಬೆಳೆದದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. ಅಲ್ಲಿ ‘ಕಣಿವೆ’ ಎಂದರೆ ಎರಡು ಗುಡ್ಡಗಳ ನಡುವಿನ ಇಕ್ಕಟ್ಟು. ಬಸ್ಸು ಆ ಇಕ್ಕಟ್ಟಿಗೆ ಬಂದೊಡನೆ ಮುಂದೆ ಕುಳಿತ ಹೆಂಗಸರು ಕೈಮುಗಿಯುತ್ತಿದ್ದರು, ಏಕೆಂದರೆ ಅಂತಹ ಜಾಗದಲ್ಲಿ ಒಂದು ಮಾರಮ್ಮನ ಗುಡಿಯೋ ಆಂಜನೇಯನ ಗುಡಿಯೋ ಇದ್ದೇ ಇರುತ್ತಿತ್ತು. ಹಿರಿಯೂರಿನ ಬಳಿಯ ಮಾರಿಕಣಿವೆಯನ್ನು ನೋಡಿ. ವೇದಾವತಿ ನದಿಯು ಗುಡ್ಡಗಳ ಸಾಲನ್ನು ಸೀಳಿಕೊಂಡು ಹೊರಬೀಳುವ ಆ ಕಿರಿದಾದ ಸಂದಿಗೆ ಕಣಿವೆ ಮಾರಮ್ಮನಿಂದ ಹೆಸರು ಬಂತು. ಮೈಸೂರು ಸಂಸ್ಥಾನವು ಅಲ್ಲಿಯೇ ಕಟ್ಟೆ ಕಟ್ಟಿಸಿ 1907ರಲ್ಲಿ ಮುಗಿಸಿತು. ಕಟ್ಟೆಯ ಹಿಂದೆ ನೀರು ಹರಡಿಕೊಂಡಿರುವ ಅಗಲವಾದ ಬಯಲನ್ನು ನಮ್ಮ ಕಡೆ ಯಾರೂ ಕಣಿವೆ ಎನ್ನುವುದಿಲ್ಲ. ಕಣಿವೆ ಎಂದರೆ ಕಟ್ಟೆ ನಿಂತಿರುವ ಬಾಯಿ ಮಾತ್ರ.

ಒಡಹುಟ್ಟಿದ ನುಡಿಗಳೂ ಇದನ್ನೇ ಹೇಳುವಂತಿವೆ. ತಮಿಳಿನಲ್ಲಿ ಖೈಬರ್ ‘ಕಣವಾಯ್’. ತಗ್ಗಿನ ನೆಲಕ್ಕೆ ಅವರು ‘ಪಳ್ಳತ್ತಾಕ್ಕು’ ಎಂಬ ಬೇರೆಯ ಪದವನ್ನೇ ಬಳಸುತ್ತಾರೆ. ತೆಲುಗಿನಲ್ಲಿ ದಾರಿ ‘ಕನುಮ’, ತಗ್ಗು ‘ಲೋಯ’. ಹೀಗೆ ನೋಡಿದರೆ ನಮ್ಮ ‘ಖೈಬರ್ ಕಣಿವೆ’ ಸರಿಯಾದ ಕನ್ನಡವೇ. ಇಕ್ಕಟ್ಟಿಗೆ ಬಂದದ್ದು ‘ಕಾಶ್ಮೀರ ಕಣಿವೆ’, ‘ಸಿಂಧೂ ಕಣಿವೆ’ಗಳಿಂದ. ಬೇರೆ ಪದವಿಲ್ಲದೆ ಹೀಗಾಯಿತೆನ್ನಲು ನನಗೆ ಮನಸ್ಸಿಲ್ಲ. ಬಾದಾಮಿ ಸೀಮೆಯಲ್ಲಿ ಚಾಲುಕ್ಯರ ಗುಡಿಗಳಿರುವ ತಗ್ಗಿನ ಹೆಸರು ‘ಹುಲಿಗೆಮ್ಮನ ಕೊಳ್ಳ’. ಆ ‘ಕೊಳ್ಳ’ವನ್ನು ಪಠ್ಯಪುಸ್ತಕಗಳು ಎತ್ತಿಕೊಳ್ಳಬಹುದಿತ್ತು. ಈಗ ‘ಕಾವೇರಿ ಕೊಳ್ಳ’, ‘ಕೃಷ್ಣಾ ಕೊಳ್ಳ’ ಎಂದು ನೀರಾವರಿಯವರು ಅದನ್ನು ನದಿಯ ಇಡೀ ಜಲಾನಯನಕ್ಕೆ ಬಳಸುತ್ತಿರುವುದರಿಂದ ಅಲ್ಲಿಯೂ ಸ್ವಲ್ಪ ಎಡವುವ ಅಪಾಯವಿದೆ.

ದಾಟುವ ದಾರಿಗೆ ‘ಘಟ್ಟ’ ಅಥವಾ ‘ಘಾಟಿ’ ಸಾಕಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ನಾನು ಒಪ್ಪಲಿಲ್ಲ. ಸೋಮೇಶ್ವರದಿಂದ ಆಗುಂಬೆ ಘಾಟಿಯನ್ನು ಹತ್ತಿದವರಿಗೆ ಗೊತ್ತು, ತಿರುವುಗಳು ಮುಗಿದು ಮೇಲೆ ಬಂದ ಬಳಿಕ ಆಚೆಗೆ ಇಳಿಯುವುದೆಂಬುದಿಲ್ಲ. ದಾರಿ ಮಲೆನಾಡಿನ ಮೇಲೆಯೇ ತೀರ್ಥಹಳ್ಳಿಯ ಕಡೆಗೆ ಸಾಗುತ್ತದೆ. ಕರಾವಳಿಯವರು ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಎನ್ನುತ್ತಾರೆಯೇ ಹೊರತು ‘ಘಟ್ಟದ ಆಚೆ’ ಎನ್ನುವುದು ಕಡಿಮೆ. ಘಟ್ಟವೆಂದರೆ ಏರು. ರೋಹತಾಂಗಿಗೆ ಎರಡು ಮಗ್ಗುಲೂ ಇಳಿಜಾರು. ಅದಲ್ಲದೆ ಏರುದಾರಿಯ ಹೆಸರನ್ನೇ ಇಡೀ ಬೆಟ್ಟಸಾಲಿಗೆ ಹೊದಿಸಿ ‘ಪಶ್ಚಿಮ ಘಟ್ಟಗಳು’ ಎಂದು ಕರೆದು ಬಹಳ ಕಾಲವಾಯಿತು. ತೆಲುಗರು ‘ಪಡಮಟಿ ಕನುಮಲು’ ಎನ್ನುವಾಗಲೂ ಆಗಿರುವುದು ಇದೇ. ಇದರ ಫಲವಾಗಿ ವಿಶ್ವಕೋಶದಲ್ಲಿ ಶಿರಾಡಿ ಘಾಟಿಯ ಬರಹವು “ಪಶ್ಚಿಮ ಘಟ್ಟದಲ್ಲಿರುವ ಒಂದು ಪರ್ವತಶ್ರೇಣಿ” ಎಂದು ಮೊದಲಾಗುತ್ತದೆ. ಶಿರಾಡಿಯಲ್ಲಿ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡವರು ಅದನ್ನು ಶ್ರೇಣಿಯೆಂದರೆ ಒಪ್ಪಬಹುದೇನೋ. ಇನ್ನೊಂದು ವಿನೋದವನ್ನೂ ಹೇಳಿಬಿಡುತ್ತೇನೆ. ಆ ಬೆಟ್ಟಸಾಲು ಸುಮಾರು 30 ಕಿಲೋಮೀಟರ್ ಅಗಲಕ್ಕೆ ಕಡಿದುಹೋಗಿ, ಹತ್ತಲು ಘಟ್ಟವೇ ಇಲ್ಲದ ಜಾಗದಲ್ಲಿರುವ ಪಾಲಕ್ಕಾಡಿನ ಹೆಸರಿನ ಬಾಲವನ್ನು ಇಂಗ್ಲಿಷರು ‘ಘಾಟ್’ ಎಂದು ಬರೆದರು. ಅಲ್ಲಿಗೆ ನಮ್ಮ ‘ಕಂಡಿ’ ಎಂಬ ಪದ ಚೆನ್ನಾಗಿ ಹೊಂದುತ್ತದೆ: ‘ಪಾಲಕ್ಕಾಡಿನ ಕಂಡಿ’.

‘ಪಾಸ್’ ಎಂದೇ ಉಳಿಸಿಕೊಳ್ಳೋಣವೆಂಬ ಸಲಹೆಯೂ ಬಂದಿದೆ. ಪರೀಕ್ಷೆಗೂ ಬಸ್ಸಿಗೂ ಆ ಪದವನ್ನು ಬಿಟ್ಟುಕೊಟ್ಟಾಗಿದೆ, ಬೆಟ್ಟಕ್ಕೂ ಬೇಡವೆನ್ನಿಸುತ್ತದೆ.

ನನ್ನ ಮನಸ್ಸು ಸದ್ಯಕ್ಕೆ ಹೀಗಿದೆ: ದಾರಿಯ ಅರ್ಥದಲ್ಲಿ ‘ಕಣಿವೆ’ಯನ್ನು ಬಿಡದೆ, ಗೊಂದಲವಾಗುವ ಕಡೆ ಮಾತ್ರ ‘ಕಣಿವೆದಾರಿ’ ಎಂದು ಬಿಡಿಸಿ ಬರೆಯುವುದು, ತಗ್ಗಿನ ನೆಲಕ್ಕೆ ‘ಕೊಳ್ಳ’ವನ್ನು ಬಳಸುವುದು, ‘ಸಿಂಧೂ ಕಣಿವೆ ನಾಗರಿಕತೆ’ಯಂತೆ ಗಟ್ಟಿಯಾಗಿ ಬೇರೂರಿದ ಹೆಸರುಗಳನ್ನು ಮುಟ್ಟದಿರುವುದು. ಆಗ ಆ ವಾಕ್ಯವು “ರೋಹತಾಂಗ್ ಕಣಿವೆದಾರಿಯು ಕುಲು ಕೊಳ್ಳವನ್ನು ಲಾಹೌಲ್ ಮತ್ತು ಸ್ಪಿತಿ ಕೊಳ್ಳಗಳೊಂದಿಗೆ ಜೋಡಿಸುತ್ತದೆ” ಎಂದಾಗುತ್ತದೆ. ಅರ್ಥಕ್ಕೆ ಅಡ್ಡಿಯಿಲ್ಲ, ಆದರೆ ಕಿವಿಗೆ ‘ಕುಲು ಕೊಳ್ಳ’ ಇನ್ನೂ ಒಗ್ಗಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ತಿಳಿದವರಲ್ಲಿ ನನ್ನ ಕೇಳಿಕೆ ಎರಡು. ಮೊದಲನೆಯದಾಗಿ, ಪಠ್ಯಪುಸ್ತಕದ ಪ್ರಭಾವವಿಲ್ಲದ ಹಿರಿಯರ ಮಾತಿನಲ್ಲಿ, ಅದರಲ್ಲಿಯೂ ಕೊಡಗು, ಬಳ್ಳಾರಿ, ಬೆಳಗಾವಿ ಕಡೆಗಳಲ್ಲಿ, ‘ಕಣಿವೆ’ಯು ಗುಡ್ಡಗಳ ನಡುವಿನ ಅಗಲವಾದ ತಗ್ಗು ಎಂಬ ಅರ್ಥದಲ್ಲಿ ಬಳಕೆಯಲ್ಲಿದೆಯೇ? ಎರಡನೆಯದಾಗಿ, ಬೆಟ್ಟಸಾಲಿನ ಬೆನ್ನನ್ನು ದಾಟಿ ಎರಡೂ ಕಡೆ ಇಳಿಯುವ ದಾರಿಗೆ ನಿಮ್ಮ ಸೀಮೆಯಲ್ಲಿ ಬೇರೆ ಹೆಸರೇನಾದರೂ ಇದೆಯೇ? ಉತ್ತರಗಳು ಬರುವವರೆಗೆ ರೋಹತಾಂಗ್ ಬರಹವನ್ನು ಇದ್ದಂತೆಯೇ ಬಿಟ್ಟಿರುತ್ತೇನೆ. ಝೋಜಿ ಲಾ ಬರಹದ “ಸಿಂಧೂ ಕಣಿವೆ”ಯನ್ನು ಮಾತ್ರ ‘ಸಿಂಧ್ ನದಿಯ ಕೊಳ್ಳ’ ಎಂದು ಬದಲಿಸಿ, ಮೊಹೆಂಜೊದಾರೊ ಕೊಂಡಿಯನ್ನು ನಿನ್ನೆಯೇ ತೆಗೆದಿದ್ದೇನೆ.